ಬಂಗುಡೆ ತವಾ ಫ್ರೈ: ಒಂಬತ್ತನೇ ಸಲ ಮಸಾಲೆ ಮೀನಿಗೇ ಅಂಟಿತು

ನಿನ್ನೆ ರಾತ್ರಿ ಸಟ್ಟುಗ ತೂರಿಸಿದ ಕೂಡಲೇ ಬಂಗುಡೆ ಮಸಾಲೆ ಸಮೇತ ಎದ್ದು ಬಂತು. ಬಾಲದ ಹತ್ತಿರದ ಚೂರು ಬಿಟ್ಟರೆ ಕಾವಲಿಯಲ್ಲಿ ಉಳಿದದ್ದು ಎಣ್ಣೆ ಮಾತ್ರ. ಎಂಟು ಸಲ ಸೋತ ಮೇಲೆ ಸಿಕ್ಕ ಗೆಲುವು ಇದು, ಮನೆಯವರನ್ನೆಲ್ಲ ಅಡುಗೆಮನೆಗೆ ಕರೆದು ತೋರಿಸಿದೆ.

ನನಗೆ ಬೇಕಿರುವುದು ಮಂಗಳೂರು ಬಂದರಿನ ಮೀನೂಟದ ಹೋಟೆಲಿನ ತವಾ ಫ್ರೈ. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಸೀಟು ಕಾಯಬೇಕು, ಅಂಥ ಹೋಟೆಲು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಅಂಜಲ್, ಮಾಂಜಿಯಂಥ ದುಬಾರಿ ಮೀನು ಕೇಳಿದರೆ ಬಿಲ್ಲು ಏರುತ್ತದೆ. ಬಂಗುಡೆ, ಬೂತಾಯಿಗೆ ನಿಂತರೆ ದೋಣಿ ನಿಲ್ಲುವ ದಕ್ಕೆಯಲ್ಲಿ ದುಡಿಯುವವರೂ ಬ್ಯಾಂಕಿನವರೂ ಒಂದೇ ಟೇಬಲಿನಲ್ಲಿ ಹೊಟ್ಟೆ ತುಂಬ ಉಣ್ಣಬಹುದು. ಅಲ್ಲಿ ಮೀನಿನ ಮೇಲಿನ ಮಸಾಲೆ ತೆಳುವಾದ ಕೆಂಪು ಚರ್ಮದಂತೆ ಕೂತಿರುತ್ತದೆ. ಬೆರಳಿನಿಂದ ಮುರಿದರೆ ಮಾಂಸದ ಜೊತೆಗೇ ಬರುತ್ತದೆ.

ಮೀನು ಕ್ಲೀನ್ ಮಾಡುವುದು, ಮೈಮೇಲೆ ಚಾಕುವಿನಿಂದ ಗೆರೆ ಹಾಕುವುದು ನಿಮಗೆಲ್ಲ ಗೊತ್ತಿದೆ. ಮಸಾಲೆಯೂ ಹಳೆಯದೇ: ನಾಲ್ಕು ಬಂಗುಡೆಗೆ 12 ಬ್ಯಾಡಗಿ ಮೆಣಸು, 4 ಗುಂಟೂರು ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, 8 ಎಸಳು ಬೆಳ್ಳುಳ್ಳಿ, ಶುಂಠಿ, ಹುಣಸೆ, ಅರಿಶಿನ. ರುಚಿ ಮೂರನೇ ಸಲಕ್ಕೇ ಹತ್ತಿರ ಬಂದಿತ್ತು. ಆದರೆ ಮಗುಚಿದಾಗಲೆಲ್ಲ ಮಸಾಲೆ ಕಾವಲಿಯ ಪಾಲು, ಬೋಳು ಮೀನು ನಮ್ಮ ಪಾಲು.

ಮಸಾಲೆ ಹಿಡಿಯುತ್ತಿಲ್ಲ ಎಂದುಕೊಂಡು ಅಕ್ಕಿ ಹಿಟ್ಟು ಹಾಕಿದೆ. ಆಮೇಲೆ ಮೊಟ್ಟೆ. ರವೆ ಹಾಕಿದರೆ ನಿಲ್ಲುತ್ತದೆ ನಿಜ, ಆದರೆ ಅದು ರವಾ ಫ್ರೈ, ಅದರ ಲೆಕ್ಕವೇ ಬೇರೆ. ಕಾವಲಿಯ ಮೇಲೂ ಅನುಮಾನ ಬಂತು. ಉಜ್ಜಿ, ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ ಎರಡು ದಿನ ಹದ ಮಾಡಿದೆ. ಆದರೂ ಅದೇ ಕಥೆ.

ಕಳೆದ ತಿಂಗಳು ಊರಿಗೆ ಹೋದಾಗ ಹೋಟೆಲಿನ ಕಾವಲಿಯ ಎದುರು ನಿಂತು ನೋಡಿದೆ. ಅವರ ಮಸಾಲೆ ಸುರಿಯುವುದಿಲ್ಲ, ಬೆರಳಿನಲ್ಲಿ ಮೆತ್ತಬೇಕು. "ಅಣ್ಣಾ, ರುಬ್ಬುವಾಗ ನೀರು ಎಷ್ಟು?" ಎಂದು ಕೇಳಿದೆ. ಮೀನು ಕಾಯಿಸುತ್ತಿದ್ದವರು ತಿರುಗಿಯೂ ನೋಡದೆ, "ನೀರು ಎಂತಕ್ಕೆ ಮಾರಾಯ್ರೆ? ಮೀನಿನಲ್ಲೇ ಉಂಟಲ್ಲ" ಎಂದರು.

ಮನೆಗೆ ಬಂದು ಮೀನಿಗೆ ಉಪ್ಪು, ಅರಿಶಿನ, ಲಿಂಬೆ ಸವರಿ ಕಾಲು ಗಂಟೆ ಹಾಗೇ ಇಟ್ಟು ನೋಡಿದೆ. ಗೆರೆಗಳ ಬಾಯಿಯಲ್ಲಿ ಹನಿಗಳು ಮೂಡಿದವು, ತಟ್ಟೆಯ ತಳದಲ್ಲಿ ಎರಡು ಚಮಚದಷ್ಟು ನೀರು. ಉಪ್ಪು ಎಳೆದು ತೆಗೆದ ನೀರು ಅದು. ಇಷ್ಟು ದಿನ ಉಪ್ಪನ್ನೂ ಮಸಾಲೆಯನ್ನೂ ಒಟ್ಟಿಗೇ ಹಚ್ಚುತ್ತಿದ್ದೆ. ಆ ನೀರು ಮೀನಿಗೂ ಮಸಾಲೆಗೂ ನಡುವೆ ಸೇರಿ, ಕಾವಲಿಯ ಬಿಸಿಗೆ ಆವಿಯಾಗಿ ಮಸಾಲೆಯನ್ನು ಎಬ್ಬಿಸುತ್ತಿತ್ತು.

ಇಲ್ಲಿ ಮೀನು ಮಾರುವವರ ಮೇಲೂ ನನಗೆ ಸಿಟ್ಟಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಬೆಂಗಳೂರಿನ ನನ್ನ ಅಂಗಡಿಯವರು "ಫ್ರೆಶ್ ಸಾರ್" ಎನ್ನುತ್ತಲೇ ಗಟ್ಟಿ ಐಸಾಗಿದ್ದ ಬಂಗುಡೆ ಕೊಟ್ಟರು. ಮಾಂಸ ಹೆಪ್ಪುಗಟ್ಟುವಾಗ ಒಳಗಿನ ಐಸಿನ ಹರಳು ಜೀವಕೋಶಗಳನ್ನು ಒಡೆಯುತ್ತದೆ, ಕರಗಿದಾಗ ಇನ್ನಷ್ಟು ನೀರು ಬಿಡುತ್ತದೆ. ನಾಲ್ಕನೇ, ಐದನೇ ಪ್ರಯತ್ನ ಅದರಲ್ಲೇ ಹಾಳಾದದ್ದು. ಐಸಿನದು ಅಂತ ಹೇಳಿ ಕೊಟ್ಟಿದ್ದರೆ ನಾನು ಸಾರು ಮಾಡುತ್ತಿದ್ದೆ! ಮೆಣಸಿನದೂ ಇದೇ ಗೋಳು. ಬ್ಯಾಡಗಿ ಅಂತ ಕೊಟ್ಟದ್ದು ನುಣ್ಣಗೆ ಹೊಳೆಯುತ್ತಿತ್ತು. ನಿಜವಾದ ಬ್ಯಾಡಗಿಯ ಸಿಪ್ಪೆ ಸುಕ್ಕುಗಟ್ಟಿರಬೇಕು, ಕಡ್ಡಿ ತಳಿಯಾಗಲಿ ಡಬ್ಬಿ ತಳಿಯಾಗಲಿ.

ಒಂಬತ್ತನೇ ಸಲ ಹೀಗೆ ಮಾಡಿದೆ. ಉಪ್ಪಿನ ನೀರು ಬಸಿದು, ಗೆರೆಗಳ ಒಳಗನ್ನೂ ಬಟ್ಟೆಯಿಂದ ಒತ್ತಿ ಒರೆಸಿದೆ. ಮೆಣಸನ್ನು ವಿನೆಗರಿನಲ್ಲಿ ನೆನೆಸಿ, ಅದರಲ್ಲೇ ರುಬ್ಬಿದೆ, ಒಂದು ಹನಿ ನೀರೂ ಇಲ್ಲ. ಮಿಕ್ಸಿ ತಿರುಗಲು ಹಟ ಮಾಡಿತು, ಆರು ಸಲ ನಿಲ್ಲಿಸಿ ಕೆರೆದು ತಿರುಗಿಸಬೇಕಾಯಿತು. ಮೆತ್ತಿ ಒಂದು ಗಂಟೆ ಬಿಟ್ಟೆ. ಇನ್ನೊಂದು ಬದಲಾವಣೆ: ಒಮ್ಮೆಗೆ ಎರಡೇ ಮೀನು. ಹೋಟೆಲಿನ ಕಾವಲಿ ದಪ್ಪ, ಹತ್ತಾರು ಮೀನು ಇಟ್ಟರೂ ಬಿಸಿ ಕುಗ್ಗುವುದಿಲ್ಲ. ನನ್ನ ದೋಸೆ ಕಾವಲಿಗೆ ನಾಲ್ಕು ಇಟ್ಟರೆ ತಣ್ಣಗಾಗಿ ಮೀನು ಬೇಯುತ್ತದೆ, ಹುರಿಯುವುದಿಲ್ಲ. ಚೆನ್ನಾಗಿ ಕಾಯಿಸಿ, ತೆಂಗಿನೆಣ್ಣೆ ಬಿಟ್ಟು, ಮೀನು ಇಟ್ಟ ಮೇಲೆ ಉರಿ ತಗ್ಗಿಸಿದೆ. ಐದು ನಿಮಿಷ ಮುಟ್ಟಲಿಲ್ಲ. ಅಂಚು ಕಪ್ಪುಗೆಂಪಾಗಿ, ಕಾವಲಿ ಅಲುಗಿಸಿದರೆ ಮೀನು ತಾನಾಗಿ ಜಾರಿದಾಗ ಮಗುಚಿದೆ.

ಬರೆಯುತ್ತಿರುವಾಗಲೇ ತಲೆಯಲ್ಲಿ ಮರುವಾಯಿ ಪುಂಡಿ, ಅಂದರೆ ಚಿಪ್ಪುಮೀನಿನ ಮಸಾಲೆಯಲ್ಲಿ ಹಾಕುವ ಅಕ್ಕಿಯ ಉಂಡೆ, ಓಡುತ್ತಿದೆ. ಚಿಪ್ಪಿನ ಮರಳು ಬಿಡಿಸುವುದು ಹೇಗೆ, ಪುಂಡಿ ಒಡೆಯದೆ ಮಸಾಲೆ ಹೀರುವುದು ಹೇಗೆ, ಅದಕ್ಕೊಂದು ಹೊಸ ನೋಟ್‌ಬುಕ್ಕೇ ತೆಗೆದಿದ್ದೇನೆ. ಬೆಂಗಳೂರಿನಲ್ಲಿ ಜೀವಂತ ಮರುವಾಯಿ ಎಲ್ಲಿ ಸಿಗುತ್ತದೆಂದು ಗೊತ್ತಿದ್ದವರು ದಯವಿಟ್ಟು ಹೇಳಿ.

ಬಂಗುಡೆಯಲ್ಲಿ ಬಾಲದ ಹತ್ತಿರ ಎರಡು ಬೆರಳಗಲ ಇನ್ನೂ ಸ್ವಲ್ಪ ಕಚ್ಚುತ್ತದೆ. ಅಲ್ಲಿ ಮೀನು ತೆಳು, ಕಾವಲಿಗೆ ಸರಿಯಾಗಿ ತಾಗುವುದಿಲ್ಲ. ಭಾನುವಾರ ಬಾಲವನ್ನು ಚಮಚದ ಹಿಂಬದಿಯಿಂದ ಒತ್ತಿ ಹಿಡಿದು ನೋಡುತ್ತೇನೆ.