‘ಒಂದೊಳ್ಳೆ ಸೀರೀಸ್ ಹೇಳಿ’ ಅನ್ನುವವರಿಗೆ

ನಾನು ಸಿಕ್ಕಾಪಟ್ಟೆ ಸೀರೀಸ್ ನೋಡುತ್ತೇನೆ ಅಂತ ಎಲ್ಲೋ ಒಮ್ಮೆ ಬಾಯಿಬಿಟ್ಟೆ. ಅವತ್ತಿನಿಂದ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಲಿಫ್ಟಿನಲ್ಲಿ ಸಿಕ್ಕವರು ಕೇಳುತ್ತಾರೆ, ಆಫೀಸಿನಲ್ಲಿ ಮೀಟಿಂಗ್ ಶುರುವಾಗುವ ಮುಂಚೆ ಕೇಳುತ್ತಾರೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ ಕೇಳಿದ್ದಾರೆ. ‘ಯಾವ್ದಾದ್ರೂ ಒಂದೊಳ್ಳೆ ಸೀರೀಸ್ ಇದ್ರೆ ಹೇಳಿ’ ಎಂಬ ಪ್ರಶ್ನೆಗೆ ಒಂದು ಬಾಲವೂ ಇರುತ್ತದೆ: ‘ಕ್ರೈಂ ಥ್ರಿಲ್ಲರ್ ಆದ್ರೆ ಒಳ್ಳೇದು’, ಇಲ್ಲವೇ ‘ಕಾಮಿಡಿ ಇರ್ಲಿ, ತಲೆಬಿಸಿ ಬೇಡ’.

ಆ ಬಾಲವನ್ನು ನಂಬಿ ಹೆಸರು ಹೇಳುತ್ತಿದ್ದ ಕಾಲ ಒಂದಿತ್ತು. ನಮ್ಮ ಭಾವನ ಪ್ರಕರಣ ಆದಮೇಲೆ ಬಿಟ್ಟುಬಿಟ್ಟೆ.

ಭಾವನಿಗೆ ಪೊಲೀಸ್ ಕಥೆ ಅಂದರೆ ಪ್ರಾಣ. ‘ದಿ ವೈರ್’ ನೋಡಿ ಭಾವ, ಅದಕ್ಕಿಂತ ಒಳ್ಳೆ ಪೊಲೀಸ್ ಕಥೆ ಇನ್ನೊಂದಿಲ್ಲ ಅಂದೆ. ನಾಲ್ಕು ದಿನಕ್ಕೆ ಫೋನ್ ಬಂತು. ‘ಏನೋ ಇದು? ಮೂರು ಎಪಿಸೋಡ್ ಮುಗೀತು, ಇನ್ನೂ ಎಲ್ಲಾ ರಿಪೋರ್ಟ್ ಬರೀತಾ ಕೂತಿದಾರೆ. ಯಾವಾಗ ಹಿಡೀತಾರೆ?’ ನಾನು ಸ್ವಲ್ಪ ತಾಳ್ಮೆ ಬೇಕು ಭಾವ, ಐದು ಸೀಸನ್ ಇದೆ ಅಂದೆ. ಅವರು ಫೋನ್ ಇಟ್ಟರು.

ತಪ್ಪು ಅವರದಲ್ಲ. ‘ದಿ ವೈರ್’ 2002ರಿಂದ 2008ರವರೆಗೆ ಬಂದ 60 ಕಂತುಗಳ ಸರಣಿ. ಅದನ್ನು ಕಟ್ಟಿದ ಡೇವಿಡ್ ಸೈಮನ್ ಬಾಲ್ಟಿಮೋರ್ ಪತ್ರಿಕೆಯೊಂದರಲ್ಲಿ ಕ್ರೈಂ ವರದಿಗಾರರಾಗಿದ್ದವರು. ಮೊದಲ ಸೀಸನ್ನಿನಲ್ಲಿ ಮಾದಕ ವಸ್ತುಗಳ ದಂಧೆ, ಎರಡನೆಯದರಲ್ಲಿ ಬಂದರು, ಆಮೇಲೆ ರಾಜಕೀಯ, ಶಾಲೆ, ಕೊನೆಗೆ ಪತ್ರಿಕಾ ಕಚೇರಿ, ಹೀಗೆ ಒಂದು ಊರನ್ನು ಪದರ ಪದರವಾಗಿ ಬಿಚ್ಚುತ್ತಾರೆ. ಫೋನ್ ಕದ್ದಾಲಿಕೆ ಶುರುವಾಗುವುದಕ್ಕೇ ಹಲವು ಕಂತು ಬೇಕು. ಭಾವನಿಗೆ ಬೇಕಿದ್ದದ್ದು ಬೇರೆ. ಒಂಬತ್ತಕ್ಕೆ ಕೊಲೆ, ಹತ್ತಕ್ಕೆ ಕೋಳ, ಹತ್ತೂಕಾಲಿಗೆ ನಿದ್ದೆ. ಎರಡರ ಮೇಲೂ ‘ಕ್ರೈಂ’ ಅಂತಲೇ ಚೀಟಿ ಅಂಟಿಸಿರುತ್ತಾರೆ.

ಅಲ್ಲಿಂದ ಈಚೆಗೆ ನಾನು ಯಾವ ಪ್ರಕಾರ ಬೇಕು ಅಂತ ಕೇಳುವುದಿಲ್ಲ. ಗಂಟು ಎಲ್ಲಿ ಬಿಚ್ಚಬೇಕು ಅಂತ ಕೇಳುತ್ತೇನೆ. ಅದೇ ಕಂತಿನಲ್ಲಾ, ಸೀಸನ್ನಿನ ಕೊನೆಗಾ, ಅಥವಾ ಬಿಚ್ಚದೇ ಇದ್ದರೂ ನಡೆಯುತ್ತದಾ?

ಈ ಕ್ರೈಂ ಎಂಬ ಒಂದೇ ಚೀಟಿಯನ್ನು ಹಿಡಿದು ನೋಡಿ. (ಮುಂದೆ ಕೆಲವು ಗುಟ್ಟು ರಟ್ಟಾಗುತ್ತವೆ. ಬೇಡದವರು ಒಂದೆರಡು ಪ್ಯಾರಾ ಹಾರಿಸಿ.) ‘ಕೊಲಂಬೊ’ ಅಂತ ಒಂದು ಹಳೆಯ ಅಮೆರಿಕನ್ ಸರಣಿ, 1971ರಲ್ಲಿ ಶುರುವಾದದ್ದು. ಮೊದಲ ಸೀಸನ್ನಿನ ಮೊದಲ ಕಂತನ್ನು ನಿರ್ದೇಶಿಸಿದ್ದು 24 ವರ್ಷದ ಸ್ಟೀವನ್ ಸ್ಪೀಲ್‌ಬರ್ಗ್. ಅದರಲ್ಲಿ ಕೊಲೆಗಾರ ಯಾರು, ಹೇಗೆ ಕೊಂದ, ಸಾಕ್ಷಿ ಎಲ್ಲಿ ಅಡಗಿಸಿದ ಎಲ್ಲವನ್ನೂ ಮೊದಲೇ ತೋರಿಸಿಬಿಡುತ್ತಾರೆ. ಆಮೇಲೆ ಬರುತ್ತಾನೆ ಪತ್ತೇದಾರ. ಸುಕ್ಕುಗಟ್ಟಿದ ಮಳೆಯಂಗಿ, ಬಾಯಲ್ಲಿ ಸಿಗಾರು, ಪೆನ್ನು ಹುಡುಕಿಕೊಂಡು ಜೇಬು ತಡಕಾಡುವ ಕೈ. ಪೀಟರ್ ಫಾಕ್ ಮಾಡಿದ ಪಾತ್ರ ಅದು. ಕೊಲೆಗಾರ ದೊಡ್ಡ ಬಂಗಲೆಯವನು, ಈತನನ್ನು ಪೆದ್ದ ಅಂದುಕೊಳ್ಳುತ್ತಾನೆ. ಕೊಲಂಬೊ ಏನೇನೋ ಕೇಳಿ, ಥ್ಯಾಂಕ್ಸ್ ಹೇಳಿ ಬಾಗಿಲ ತನಕ ಹೋಗುತ್ತಾನೆ. ಕೊಲೆಗಾರನ ಭುಜ ಒಂದು ನೂಲಿನಷ್ಟು ಸಡಿಲವಾಗುತ್ತದೆ. ಆಗ ಕೊಲಂಬೊ ಬಾಗಿಲಿನಿಂದ ಹಿಂದಿರುಗಿ, ಹಣೆಗೆ ಕೈ ಹಚ್ಚಿ, ಮರೆತೇ ಹೋಗಿತ್ತು ಅನ್ನುವ ಹಾಗೆ ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆಗಾಗಿಯೇ ಅಷ್ಟು ಹೊತ್ತು ಕೂತಿದ್ದು ಅಂತ ನಮಗೆ ಆಗ ಗೊತ್ತಾಗುತ್ತದೆ. ಇಲ್ಲಿ ಗಂಟು ‘ಯಾರು’ ಅಲ್ಲ, ‘ಹೇಗೆ ಸಿಕ್ಕಿಬೀಳುತ್ತಾನೆ’.

ಇನ್ನೊಂದು ಕಡೆ 2025ರ ‘ಅಡೋಲೆಸೆನ್ಸ್’. ಬರೀ ನಾಲ್ಕು ಕಂತು, ಪ್ರತಿ ಕಂತೂ ಎಲ್ಲೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ ತೆಗೆದದ್ದು. ಬೆಳಗಿನ ಹೊತ್ತು ಪೊಲೀಸರು ಮನೆಗೆ ನುಗ್ಗಿ 13 ವರ್ಷದ ಹುಡುಗನನ್ನು ಕರೆದೊಯ್ಯುತ್ತಾರೆ. ಅಪ್ಪನಂತೆ ನಾವೂ ಇವನು ಮಾಡಿರಲಿಕ್ಕಿಲ್ಲ ಅಂತ ನೆಚ್ಚಿಕೊಂಡಿರುತ್ತೇವೆ. ಮೊದಲ ಕಂತು ಮುಗಿಯುವುದರೊಳಗೆ ಸಿಸಿಟಿವಿ ದೃಶ್ಯ ಮುಂದಿಟ್ಟುಬಿಡುತ್ತಾರೆ. ‘ಯಾರು’ ಅಲ್ಲಿಗೇ ಮುಗಿಯಿತು. ಉಳಿದ ಮೂರು ಕಂತು ‘ಯಾಕೆ’ ಎಂಬುದರ ಸುತ್ತ ಸುತ್ತುತ್ತವೆ, ಅದೂ ಪೂರ್ತಿ ಬಿಚ್ಚುವುದಿಲ್ಲ. ‘ಕೊಲಂಬೊ’ ನೋಡಿ ಹಾಯಾಗಿ ಮಲಗಬಹುದು, ಇದನ್ನು ನೋಡಿ ಆಗುವುದಿಲ್ಲ.

ಕ್ರೈಂ ಅಲ್ಲದಿದ್ದರೂ ‘ಚರ್ನೋಬಿಲ್’ ಅನ್ನೂ ನಾನು ಇದೇ ಕಪಾಟಿನಲ್ಲಿ ಇಡುತ್ತೇನೆ. 2019ರದು, ಐದೇ ಕಂತು. 1986ರಲ್ಲಿ ರಿಯಾಕ್ಟರ್ ಸಿಡಿಯಿತು ಅನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಸಿಡಿತವನ್ನು ಮೊದಲ ಕಂತಿನಲ್ಲೇ ತೋರಿಸಿ ಮುಗಿಸುತ್ತಾರೆ. ಹೇಗೆ ಸಿಡಿಯಿತು ಅನ್ನುವುದನ್ನು ಕೊನೆಯ ಕಂತಿನ ವಿಚಾರಣೆಗೆ ಇಟ್ಟುಕೊಂಡಿದ್ದಾರೆ. ಅಲ್ಲಿ ವಿಜ್ಞಾನಿ ಲೆಗಾಸೊವ್ ಕೈಯಲ್ಲಿ ಕೆಂಪು ಹಲಗೆ, ನೀಲಿ ಹಲಗೆ. ರಿಯಾಕ್ಟರಿನ ಕಾವು ಏರಿಸುವ ಸಂಗತಿಗಳಿಗೆ ಕೆಂಪು, ಇಳಿಸುವವಕ್ಕೆ ನೀಲಿ. ಒಂದೊಂದಾಗಿ ಸಿಕ್ಕಿಸುತ್ತಾ, ಒಂದೊಂದಾಗಿ ತೆಗೆಯುತ್ತಾ ಹೋಗುತ್ತಾರೆ. ಭೌತಶಾಸ್ತ್ರದ ಪಾಠ ಅದು, ಅಷ್ಟೇ. ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ.

ಕ್ರೈಂ ಸಾಕು. ‘ತಲೆಬಿಸಿ ಬೇಡ’ ಅನ್ನುವವರದು ಸಾಮಾನ್ಯವಾಗಿ ಮೊದಲ ಗುಂಪು, ಅದೇ ಕಂತಿನಲ್ಲಿ ಗಂಟು ಬಿಚ್ಚಬೇಕು. ಅವರಿಗೆ ಸಿಟ್‌ಕಾಂ, ಅಂದರೆ ಅದದೇ ಜನ ಕಂತಿಗೊಂದು ಪೇಚಿಗೆ ಸಿಕ್ಕಿಕೊಳ್ಳುವ ಹಾಸ್ಯ ಸರಣಿ. ಸಿಟ್‌ಕಾಂನಲ್ಲಿ ಮನೆ ಹೊತ್ತಿಕೊಂಡರೂ ಮುಂದಿನ ವಾರಕ್ಕೆ ಅದೇ ಸೋಫಾ ಅದೇ ಜಾಗದಲ್ಲಿರುತ್ತದೆ. ಇದರ ಹಿಂದೆ ವ್ಯಾಪಾರದ ಲೆಕ್ಕಾಚಾರವೂ ಇದೆ. ಅಮೆರಿಕದಲ್ಲಿ ಒಂದು ಸರಣಿ ಸುಮಾರು ನೂರು ಕಂತು ದಾಟಿದರೆ ಅದನ್ನು ಊರೂರಿನ ಚಾನೆಲ್‌ಗಳಿಗೆ ಮರುಪ್ರಸಾರಕ್ಕೆ ಮಾರಬಹುದಿತ್ತು, ನಿಜವಾದ ದುಡ್ಡು ಇದ್ದದ್ದು ಅಲ್ಲೇ. ಆ ಚಾನೆಲ್‌ಗಳು ಯಾವ ಕಂತನ್ನು ಯಾವತ್ತು ಹಾಕುತ್ತವೋ ಹೇಳುವಂತಿರಲಿಲ್ಲ, ನೋಡುವವನು ಯಾವ ಕಂತಿಗೆ ಬಂದು ಕೂರುತ್ತಾನೋ ಅದೂ ಗೊತ್ತಿಲ್ಲ. ಹಾಗಾಗಿ ಪ್ರತಿ ಕಂತಿನ ಕೊನೆಗೆ ಎಲ್ಲವೂ ಮೊದಲಿದ್ದ ಜಾಗಕ್ಕೆ ಬರಲೇಬೇಕು. ‘ಸೈನ್‌ಫೆಲ್ಡ್’ ಬರೆಯುತ್ತಿದ್ದ ಲ್ಯಾರಿ ಡೇವಿಡ್ ಇದನ್ನೇ ಕಟ್ಟುಪಾಡು ಮಾಡಿಕೊಂಡಿದ್ದರು. ಯಾರೂ ಯಾರನ್ನೂ ಅಪ್ಪಿಕೊಳ್ಳಬಾರದು, ಯಾರೂ ಪಾಠ ಕಲಿಯಬಾರದು. 180 ಕಂತು ಕಳೆದರೂ ಅದರ ನಾಲ್ಕು ಮುಖ್ಯ ಪಾತ್ರಗಳು ಒಂದಿಷ್ಟೂ ಸುಧಾರಿಸಲಿಲ್ಲ. ನನಗೆ ಅದೇ ಇಷ್ಟ.

ಹಿನ್ನೆಲೆಯಲ್ಲಿ ನಗು ಕೇಳಿಸುವ ಸಿಟ್‌ಕಾಂ ಕಂಡರಾಗದು ಅನ್ನುವವರೂ ಇದ್ದಾರೆ. 1951ರಲ್ಲಿ ಶುರುವಾದ ‘ಐ ಲವ್ ಲೂಸಿ’ಯನ್ನು ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು, ಮೂರು ಕ್ಯಾಮೆರಾ ಇಟ್ಟು, ನಾಟಕ ಆಡಿದ ಹಾಗೆ ತೆಗೆದರು. ನಗು ಬಂದಾಗ ನಟರು ಮುಂದಿನ ಮಾತನ್ನು ನಾಲಿಗೆ ತುದಿಯಲ್ಲಿ ಹಿಡಿದುಕೊಂಡು ಕಾಯಬೇಕು. ಬೇಗ ಆಡಿದರೆ ಮಾತು ನಗುವಿನಲ್ಲಿ ಮುಳುಗುತ್ತದೆ, ತಡವಾದರೆ ಆರಿಹೋಗುತ್ತದೆ. ಸಾಧ್ಯವಾದರೆ ಯಾವುದಾದರೂ ಅಂಥ ದೃಶ್ಯದಲ್ಲಿ ಮುಖ ಮಾತ್ರ ನೋಡಿ, ಆ ಕಾಯುವಿಕೆ ಕಾಣುತ್ತದೆ. ರಂಗದ ಮೇಲೆ ನಿಂತವರಿಗೆ ಇದು ಹೊಸದಲ್ಲ.

ಒಂದೇ ಕಂತಿನಲ್ಲಿ ಗಂಟು ಬಿಚ್ಚುವುದಷ್ಟೇ ಅಲ್ಲ, ಜನರೂ ಬದಲಾಗಬೇಕು ಅನ್ನುವವರಿಗೆ ಕಥಾಗುಚ್ಛಗಳಿವೆ. ‘ಟ್ವಿಲೈಟ್ ಝೋನ್’ 1959ರಿಂದ 1964ರವರೆಗೆ 156 ಕಂತು ಬಂತು, ಅದರಲ್ಲಿ 92ನ್ನು ಒಬ್ಬನೇ ಮನುಷ್ಯ, ರಾಡ್ ಸರ್ಲಿಂಗ್, ಬರೆದ. ‘ಬ್ಲ್ಯಾಕ್ ಮಿರರ್’ ಅದರ ಮೊಮ್ಮಗು. ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ನಲ್ಲಿ ಕೆಲವು ಕಥೆ ಒಂದೇ ಕಂತಿಗೆ ಮುಗಿದರೆ ಕೆಲವು ಹಲವು ಕಂತು ಹರಿಯುತ್ತವೆ, ಅದರ ಸುಖವೇ ಬೇರೆ. ಆದರೆ ಕಥಾಗುಚ್ಛದಲ್ಲಿ ಒಂದು ತೊಂದರೆಯೂ ಇದೆ. ಪ್ರತಿ ಸಲ ಹೊಸಬರ ಮನೆಗೆ ಹೋದ ಹಾಗೆ, ಪರಿಚಯ ಮಾಡಿಕೊಳ್ಳುವುದರಲ್ಲೇ ಸ್ವಲ್ಪ ಹೊತ್ತು ಹೋಗುತ್ತದೆ. ದಣಿದ ರಾತ್ರಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಎರಡನೆಯ ಗುಂಪು, ಸೀಸನ್ನಿನ ಕೊನೆಗೆ ಬಿಚ್ಚುವಂಥವು. ಈಗಿನ ವೆಬ್ ಸರಣಿಗಳಲ್ಲಿ ಹೆಚ್ಚಿನವು ಇಲ್ಲಿಗೇ ಬರುತ್ತವೆ, ನನ್ನ ತಕರಾರು ಇರುವುದೂ ಇಲ್ಲೇ. 2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ 13 ಕಂತುಗಳನ್ನು ಒಟ್ಟಿಗೇ ಬಿಟ್ಟಿತು. ವಾರ ಕಾಯುವ ಕೆಲಸ ತಪ್ಪಿತು. ಅದರ ಜೊತೆಗೆ ಕಂತು ಅನ್ನುವುದಕ್ಕೆ ತನ್ನದೇ ಆದ ತಲೆ, ಮೈ, ಕಾಲು ಇರಬೇಕು ಅನ್ನುವ ಶಿಸ್ತೂ ಸಡಿಲವಾಯಿತು. ‘ಎಂಟು ಗಂಟೆಯ ಸಿನಿಮಾ’ ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ ಸರಣಿಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಎರಡು ಗಂಟೆಯ ಕಥೆಗೆ ಎಂಟು ಕಂತಿನ ಅಂಗಿ ತೊಡಿಸಿರುತ್ತಾರೆ. ನಾಲ್ಕು, ಐದನೇ ಕಂತಿಗೆ ಬರುವಾಗ ತೋಳು ಜೋತಾಡುತ್ತಿರುತ್ತದೆ. ನಾಯಕನ ಬಾಲ್ಯದ ಫ್ಲ್ಯಾಶ್‌ಬ್ಯಾಕ್ ಬಂತೆಂದರೆ ತಿಳಿಯಿರಿ, ಬಟ್ಟೆ ಮಿಕ್ಕಿದೆ. ಆದರೂ ಬಿಟ್ಟೇಳಲಾಗುವುದಿಲ್ಲ, ಕಂತು ಮುಗಿಯುವಾಗ ಯಾರೋ ಬಾಗಿಲು ತಟ್ಟುತ್ತಾರೆ, ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯತೊಡಗುತ್ತವೆ, ರಿಮೋಟ್ ಎಲ್ಲಿ ಅಂತ ಹುಡುಕುವುದರೊಳಗೆ ಮುಂದಿನ ಕಂತು ಶುರು.

ಈ ಗುಂಪಿನಲ್ಲಿ ನಾನು ಕಣ್ಣುಮುಚ್ಚಿ ಹೇಳುವುದು ಕೊನೆಯನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಟವನ್ನು. ಪ್ರೇಮಕಥೆ ಬೇಕು ಅಂದವರಿಗೆ ಕೊರಿಯಾದವು. ವಾರಕ್ಕೆ ಎರಡರಂತೆ 16 ಕಂತು ಅನ್ನುವುದು ಅಲ್ಲಿ ಬಹುಕಾಲದ ರೂಢಿ, ಕಥೆ ಮುಗಿದರೆ ಮುಗಿಯಿತು. ಲ್ಯಾಟಿನ್ ಅಮೆರಿಕದ ಧಾರಾವಾಹಿ, ಅಂದರೆ ಟೆಲಿನೊವೆಲಾ, ನೂರಾರು ಕಂತು ಹೋದರೂ ಒಂದು ದಿನ ಮುಗಿಯುತ್ತದೆ. 1999ರಲ್ಲಿ ಕೊಲಂಬಿಯಾದಲ್ಲಿ ಶುರುವಾದ ‘ಬೆಟ್ಟಿ ಲಾ ಫೆಯಾ’ ಎಷ್ಟೋ ದೇಶಗಳಿಗೆ ಹೋಯಿತು, ಹಿಂದಿಯಲ್ಲಿ ‘ಜಸ್ಸಿ ಜೈಸಿ ಕೋಯಿ ನಹೀಂ’ ಆಯಿತು.

ಅದೇ ಕಂತಿನಲ್ಲಿ ಬಿಚ್ಚುವ ಗಂಟು, ಉದ್ದಕ್ಕೆ ಎಳೆಯುವ ಗಂಟು ಎರಡೂ ಬೇಕು ಅನ್ನುವ ಚಪಲದವರಿಗೆ ‘ಎಕ್ಸ್ ಫೈಲ್ಸ್’. 1993ರದು. ಒಂದು ವಾರ ಬಿಡಿಯಾದ ಒಂದು ಭೂತ, ಅದೇ ರಾತ್ರಿ ಅದರ ಕಥೆ ಮುಗಿಯಿತು. ಇನ್ನೊಂದು ವಾರ ವರ್ಷಗಟ್ಟಲೆ ಎಳೆಯುವ ಸರ್ಕಾರಿ ಗುಟ್ಟು. ಬಿಡಿ ಭೂತಗಳು ಇಂದಿಗೂ ಚೆನ್ನಾಗಿವೆ. ಗುಟ್ಟಿನ ಎಳೆ ಕಡೆಕಡೆಗೆ ಬರೆದವರ ಕೈಗೇ ಸಿಕ್ಕಲಿಲ್ಲ ಅಂತ ನನ್ನ ಗುಮಾನಿ.

ಇನ್ನು ಬಿಚ್ಚದ ಗಂಟು. ‘ಅಯ್ಯೋ, ನಾನು ಸೀರಿಯಲ್ ನೋಡಲ್ಲಪ್ಪ, ವೆಬ್ ಸೀರೀಸ್ ಮಾತ್ರ’ ಅನ್ನುವವರ ಜೊತೆ ನನಗೆ ಜಗಳ ಇದೆ. ಆರನೇ ಸೀಸನ್ನಿಗೆ ಕಾಯುತ್ತಾ ಕೂತವರೂ ದಿನಾ ಧಾರಾವಾಹಿ ನೋಡುವವರೂ ಅಂಟಿಕೊಂಡಿರುವುದು ಒಂದೇ ಗೋಂದಿಗೆ. ಧಾರಾವಾಹಿ ಹುಟ್ಟಿದ್ದು ರೇಡಿಯೋದಲ್ಲಿ. ಅಮೆರಿಕದ ಸೋಪು ಕಂಪನಿಗಳು ಹಗಲು ಹೊತ್ತಿನ ಕಥೆಗಳಿಗೆ ದುಡ್ಡು ಹಾಕಿದವು, ಅದಕ್ಕೇ ಸೋಪ್ ಅನ್ನುವ ಹೆಸರು ಅಂಟಿತು. ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟೀವಿಗೆ ಬಂದು, 2009ರಲ್ಲಿ ನಿಂತಿತು. ಹೇಳಿದ್ದನ್ನೇ ನಾಲ್ಕು ಸಲ ಹೇಳುತ್ತಾರೆ ಅಂತ ನಗುತ್ತೀರಲ್ಲ, ಕೆಲಸ ಮಾಡುತ್ತಾ ಬರೀ ಕಿವಿಯಲ್ಲಿ ಕೇಳುವವರಿಗೆ, ಎರಡು ದಿನ ತಪ್ಪಿಸಿಕೊಂಡವರಿಗೆ ಎಳೆ ಸಿಗಲಿ ಅಂತ ಆ ಪುನರುಕ್ತಿ. ಅದೊಂದು ಕುಶಲತೆ.

ಅದಕ್ಕೆ ಮಾತ್ರ ಸಾಧ್ಯವಾಗುವ ಸಂಗತಿಯೂ ಒಂದಿದೆ. ಬ್ರಿಟನ್ನಿನ ‘ಕೊರೊನೇಷನ್ ಸ್ಟ್ರೀಟ್’ 1960ರ ಡಿಸೆಂಬರ್ 9ರಂದು ಶುರುವಾಯಿತು. ಆ ಮೊದಲ ಕಂತಿನಲ್ಲಿ ಕೆನ್ ಬಾರ್ಲೊ ಅನ್ನುವ ಕಾಲೇಜು ಹುಡುಗನಾಗಿ ಬಂದ ವಿಲಿಯಂ ರೋಚ್‌ಗೆ ಆಗ 28 ವರ್ಷ. ಅರವತ್ತು ವರ್ಷ ದಾಟಿದ ಮೇಲೂ ಅವರೇ ಕೆನ್. ಮದುವೆ, ಸಾವು, ಮೊಮ್ಮಕ್ಕಳು, ನರೆತ ಕೂದಲು ಎಲ್ಲ ಬಂದದ್ದು ಅದೇ ಬೀದಿಯಲ್ಲಿ, ನೋಡುವವರಿಗೂ ಅಷ್ಟೇ ವಯಸ್ಸಾಗುತ್ತಾ. ಮೇಕಪ್ ಹಾಕಿ ಮುದುಕನನ್ನು ಮಾಡುವ ಯಾವ ದೊಡ್ಡ ಬಜೆಟ್ಟಿನ ಸರಣಿಗೂ ಇದು ಆಗದು. ‘ಡಾಕ್ಟರ್ ಹೂ’ನವರು ಇದಕ್ಕೆ ಉಲ್ಟಾ ದಾರಿ ಹಿಡಿದರು. 1966ರಲ್ಲಿ ನಾಯಕ ನಟನ ಆರೋಗ್ಯ ಕೆಟ್ಟಿತು, ಪಾತ್ರವೇ ಮೈ ಬದಲಿಸುತ್ತದೆ ಅಂತ ಕಥೆ ಮಾಡಿ ಇನ್ನೊಬ್ಬರನ್ನು ತಂದರು. ಆ ಒಂದು ಉಪಾಯದ ಮೇಲೆ ಹತ್ತಾರು ವರ್ಷ ನಡೆದಿದೆ.

ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ ಹೇಳುತ್ತೇನೆ. ಶುರು ಮಾಡುವ ಮುಂಚೆ ಸರಣಿ ಮುಗಿದಿದೆಯಾ ಅಂತ ನೋಡಿಕೊಳ್ಳಿ. ನಾನು ಎರಡು ಸೀಸನ್ ನಿದ್ದೆಗೆಟ್ಟು ನೋಡಿದ ಒಂದು ಸರಣಿಯ ಕೊನೆಯ ದೃಶ್ಯದಲ್ಲಿ, ಸತ್ತಳು ಅಂದುಕೊಂಡವಳ ಧ್ವನಿ ಫೋನಿನಲ್ಲಿ ಕೇಳುತ್ತದೆ. ಆಮೇಲೆ ಆ ಸರಣಿಯನ್ನೇ ನಿಲ್ಲಿಸಿಬಿಟ್ಟರು. ಅವಳು ಎಲ್ಲಿಂದ ಮಾತಾಡುತ್ತಿದ್ದಳೋ ಇವತ್ತಿಗೂ ಗೊತ್ತಿಲ್ಲ.

ಭಾವನಿಗೆ ಕೊನೆಗೆ ‘ಕೊಲಂಬೊ’ ಹಚ್ಚಿಕೊಟ್ಟೆ. ‘ಕೊಲೆಗಾರನನ್ನ ಮೊದಲೇ ತೋರಿಸಿಬಿಟ್ರೆ ಇನ್ನೇನು ನೋಡೋದು?’ ಅಂತ ಗೊಣಗಿದರು. ಈಗ ರಾತ್ರಿಗೊಂದು ನೋಡಿ ಹತ್ತೂವರೆಗೆ ಮಲಗುತ್ತಾರಂತೆ. ಕಳೆದ ವಾರ ಮನೆಗೆ ಬಂದಿದ್ದರು. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ತನಕ ಹೋಗಿ, ಹಣೆ ಕೆರೆದುಕೊಳ್ಳುತ್ತಾ ತಿರುಗಿದರು. ‘ಹಾಂ, ಅಂದ್ಹಾಗೆ ಆ ವೈರ್ ಅಂತ ಹೇಳಿದ್ಯಲ್ಲ, ಅದರಲ್ಲಿ ಕೊನೆಗೆ ಹಿಡಿದ್ರಾ?’