ಪಿಕಪ್‌ನ ಸಡಿಲ ಹ್ಯಾಂಡ್ ಬ್ರೇಕ್: ಚಕ್ರದಿಂದ ಲಿವರ್‌ವರೆಗೆ

ಶನಿವಾರ, ಬೆಳಗ್ಗೆ

ಹ್ಯಾಂಡ್ ಬ್ರೇಕ್ ಲಿವರ್ ಎಳೆದರೆ 11ನೇ ಹಲ್ಲಿನವರೆಗೂ (ಎಳೆಯುವಾಗ ಕೇಳುವ ಒಂದೊಂದು ‘ಟಕ್’ ಒಂದು ಹಲ್ಲು) ಮೇಲೆ ಬರುತ್ತದೆ. ನನ್ನ ಪಿಕಪ್‌ನ ಕೈಪಿಡಿಯ ಪ್ರಕಾರ 6ರಿಂದ 8 ಹಲ್ಲುಗಳೊಳಗೆ ಅದು ಬಿಗಿಯಾಗಬೇಕು. ಖಾಲಿ ಗಾಡಿ ಇಳಿಜಾರಿನಲ್ಲಿ ಹೇಗೋ ನಿಲ್ಲುತ್ತದೆ, ಹಿಂದೆ ಭಾರ ಹೇರಿದರೆ ಜರುಗುತ್ತದೆ. ಭಾರ ಹೊರುವುದಕ್ಕೆಂದೇ ಇರುವ ಗಾಡಿ ಭಾರ ಹೊತ್ತಾಗ ನಿಲ್ಲುವುದಿಲ್ಲವೆಂದರೆ ಅದನ್ನು ಮುಂದೂಡುವಂತಿಲ್ಲ.

ಲಿವರ್ ಸಡಿಲವಾದ ಕೂಡಲೇ ಗಾಡಿಯ ಕೆಳಗೆ ನುಗ್ಗಿ ಕೇಬಲ್‌ನ ನಟ್ ಬಿಗಿ ಮಾಡುವವರೇ ಹೆಚ್ಚು. ನನಗೆ ಆ ದಾರಿ ಒಪ್ಪಿಗೆಯಿಲ್ಲ. ಹಿಂದಿನ ಚಕ್ರದಲ್ಲಿ ಡ್ರಮ್ ಬ್ರೇಕ್ ಇರುವ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ಬ್ರೇಕ್ ಇರುವುದಿಲ್ಲ. ಪೆಡಲ್ ಒತ್ತಿದಾಗ ತೆರೆದುಕೊಂಡು ಡ್ರಮ್‌ನ ಒಳಮೈಗೆ ಒತ್ತುವ ಅದೇ ಶೂಗಳನ್ನು, ಅಂದರೆ ಬಿಲ್ಲಿನಾಕಾರದ ತುಂಡುಗಳನ್ನು, ಕೇಬಲ್ ಇನ್ನೊಂದು ದಾರಿಯಿಂದ ತೆರೆಯುತ್ತದೆ. ಶೂ ಸವೆದು ಡ್ರಮ್‌ನಿಂದ ದೂರವಾದರೆ ಕೇಬಲ್ ಅಷ್ಟು ಹೆಚ್ಚು ದೂರ ಎಳೆಯಬೇಕಾಗುತ್ತದೆ. ಅಂತರ ಇರುವುದು ಚಕ್ರದಲ್ಲಿ, ಕಾಣುವುದು ಲಿವರ್‌ನಲ್ಲಿ. ಆ ಅಂತರವನ್ನು ಕೇಬಲ್ ಬಿಗಿ ಮಾಡಿ ಮುಚ್ಚಿದರೆ ಡ್ರಮ್‌ನೊಳಗಿನ ಚಿಕ್ಕ ಲಿವರ್ ತನ್ನ ವಿಶ್ರಾಂತಿಯ ಜಾಗಕ್ಕೆ ಹಿಂತಿರುಗುವುದಿಲ್ಲ, ಶೂಗಳು ಮೇಲಿನ ಆಧಾರದ ಪಿನ್‌ಗೆ ಸರಿಯಾಗಿ ಒರಗುವುದಿಲ್ಲ, ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆಯೂ ಕೆಲಸ ನಿಲ್ಲಿಸುತ್ತದೆ. ಲಿವರ್ ಮಾತ್ರ ಕೈಗೆ ಗಟ್ಟಿಯಾಗಿ ಸಿಗುತ್ತದೆ.

ಇದನ್ನು ಗಾಡಿ ಎತ್ತುವ ಮೊದಲೇ ಪರೀಕ್ಷಿಸಬಹುದು. ಬ್ರೇಕ್ ಪೆಡಲ್ ಒಮ್ಮೆ ಒತ್ತಿ ಬಿಟ್ಟು, ತಕ್ಷಣ ಮತ್ತೊಮ್ಮೆ ಒತ್ತಿದೆ. ಎರಡನೇ ಸಲ ಪೆಡಲ್ ಸ್ಪಷ್ಟವಾಗಿ ಮೇಲೆಯೇ ಹಿಡಿಯಿತು. ಶೂಗಳ ಅಂತರ ಹೆಚ್ಚಾದಾಗ ಹೀಗಾಗುತ್ತದೆ. ನಂತರ ಕೆಳಗೆ ಇಣುಕಿದೆ. ಎರಡೂ ಹಿಂದಿನ ಕೇಬಲ್‌ಗಳು ಸೇರುವ ಅಡ್ಡಪಟ್ಟಿ, ಅಂದರೆ ಈಕ್ವಲೈಸರ್, ಲಿವರ್ ಎಳೆದಾಗ ಓರೆಯಾಗಿ ನಿಲ್ಲುತ್ತಿತ್ತು. ಎಡತುದಿ ಹೆಚ್ಚು ಮುಂದೆ. ಎಳೆತವನ್ನು ಎರಡೂ ಕಡೆ ಸಮವಾಗಿ ಹಂಚುವುದು ಅದರ ಕೆಲಸ. ಹಾಗಾಗಿ ಹೆಚ್ಚು ಸಡಿಲವಿರುವ ಕಡೆಯ ತುದಿ ಮುಂದಕ್ಕೆ ಹೋಗುತ್ತದೆ. ಎಡ ಚಕ್ರವನ್ನೇ ಮೊದಲು ಬಿಚ್ಚಲು ತೀರ್ಮಾನಿಸಿದೆ.

ಶನಿವಾರ, ಮಧ್ಯಾಹ್ನ

ಸಮತಟ್ಟಾದ ಗಟ್ಟಿ ನೆಲ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಬೆಣೆ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ ಸ್ಥಿತಿ. ಹ್ಯಾಂಡ್ ಬ್ರೇಕ್ ಇಲ್ಲದೆ, ಗೇರ್ ಇಲ್ಲದೆ ಗಾಡಿ ನಿಲ್ಲುವುದು ಆ ಬೆಣೆಗಳ ಮೇಲೆಯೇ, ಆದ್ದರಿಂದ ಅವುಗಳಲ್ಲಿ ರಾಜಿಯಿಲ್ಲ. ಸ್ಟ್ಯಾಂಡ್‌ಗಳನ್ನು ಚಾಸಿಯ ಕೆಳಗಲ್ಲ, ಆಕ್ಸಲ್‌ನ ಕೆಳಗೆ ಇಟ್ಟೆ. ಚಾಸಿಯ ಮೇಲೆ ನಿಲ್ಲಿಸಿದರೆ ಆಕ್ಸಲ್ ಜೋತು ಬಿದ್ದು ಕೇಬಲ್‌ಗಳ ಎಳೆತ ಬದಲಾಗುತ್ತದೆ. ಆಗ ಅಳೆದ ಬಿಗಿ ಚಕ್ರ ನೆಲ ಮುಟ್ಟಿದಾಗ ಉಳಿಯುವುದಿಲ್ಲ. ಜಾಕ್ ಒಂದರ ಮೇಲೆಯೇ ನಿಂತ ಗಾಡಿಯ ಕೆಳಗೆ ನಾನು ತಲೆ ಹಾಕುವುದಿಲ್ಲ.

ಎಡ ಡ್ರಮ್ ಹಬ್‌ಗೆ ತುಕ್ಕಿನಿಂದ ಅಂಟಿತ್ತು. ಡ್ರಮ್‌ನಲ್ಲೇ ಕೊರೆದಿರುವ ಎರಡು ಮರೆ (ಥ್ರೆಡ್) ಇರುವ ರಂಧ್ರಗಳಿಗೆ 8 ಮಿಲಿಮೀಟರ್ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ, ಎರಡನ್ನೂ ಸಮನಾಗಿ ತಿರುಗಿಸಿದಾಗ ಅದು ಹೊರಬಂತು. ಒಳಗಿನ ಧೂಳನ್ನು ಗಾಳಿ ಊದಿ ಹಾರಿಸಬಾರದು. ಹಳೆಯ ಲೈನಿಂಗ್‌ಗಳಲ್ಲಿ, ಅಂದರೆ ಶೂ ಮೇಲಿನ ಉಜ್ಜುವ ಪದರಗಳಲ್ಲಿ, ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಹೊಸದರ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್‌ನಿಂದ ನೆನೆಸಿ, ಕೆಳಗಿಟ್ಟ ತಟ್ಟೆಗೆ ಇಳಿಯಲು ಬಿಟ್ಟೆ.

ಕಾರಣ ಕಣ್ಣೆದುರೇ ಇತ್ತು. ಶೂಗಳ ನಡುವಿನ ಹಲ್ಲುಚಕ್ರದ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಈ ಬಗೆಯ ಬ್ರೇಕ್‌ನಲ್ಲಿ ಗಾಡಿ ಹಿಂದಕ್ಕೆ ಚಲಿಸುವಾಗ ಬ್ರೇಕ್ ಒತ್ತಿದರೆ ಒಂದು ಚಿಕ್ಕ ಪಟ್ಟಿ ಆ ಹಲ್ಲುಚಕ್ರವನ್ನು ಅಗತ್ಯವಿದ್ದಷ್ಟು ತಿರುಗಿಸಿ, ಸವೆದ ಲೈನಿಂಗ್‌ನ ಅಂತರವನ್ನು ತುಂಬುತ್ತದೆ. ಸ್ಕ್ರೂ ಕಚ್ಚಿಕೊಂಡ ಮೇಲೆ ಪಟ್ಟಿ ಏನು ಮಾಡೀತು? ಲೈನಿಂಗ್ ಇನ್ನೂ ಸಾಕಷ್ಟು ದಪ್ಪ ಉಳಿದಿತ್ತು, ಚಕ್ರದ ಸಿಲಿಂಡರ್ ಒಣಗಿತ್ತು, ಎಲ್ಲೂ ಸೋರಿಕೆಯಿಲ್ಲ. ಹೊಸ ಶೂ ಬೇಕಿರಲಿಲ್ಲ.

ಸ್ಕ್ರೂವನ್ನು ಬಿಚ್ಚಿ, ತಂತಿ ಬ್ರಷ್‌ನಿಂದ ಮರೆಗಳನ್ನು ಉಜ್ಜಿ, ಶಾಖ ತಡೆಯುವ ಬ್ರೇಕ್ ಗ್ರೀಸ್ ತೆಳುವಾಗಿ ಸವರಿದೆ. ಹಿಂಬದಿಯ ತಗಡಿನಲ್ಲಿ ಶೂಗಳು ಜಾರುವ ಉಬ್ಬುಗಳಿಗೂ ಅಷ್ಟೇ. ಗ್ರೀಸ್ ಲೈನಿಂಗ್‌ಗೆ ತಾಗದಂತೆ ನೋಡಿಕೊಳ್ಳುವುದೇ ಇಲ್ಲಿನ ನಾಜೂಕು ಕೆಲಸ. ಎಡ ಮತ್ತು ಬಲದ ಸ್ಕ್ರೂಗಳ ಮರೆಗಳು ಪರಸ್ಪರ ವಿರುದ್ಧ ದಿಕ್ಕಿನವು. ಅದಲು ಬದಲಾದರೆ ಪ್ರತಿ ಸಲ ಬ್ರೇಕ್ ಹೊಂದಿಕೊಳ್ಳುವ ಬದಲು ಇನ್ನಷ್ಟು ಸಡಿಲಗೊಳ್ಳುತ್ತದೆ. ಅದಕ್ಕೇ ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದನ್ನು ಬಿಚ್ಚಿದೆ. ಬಲಗಡೆಯ ಹಲ್ಲುಚಕ್ರ ಸಲೀಸಾಗಿ ತಿರುಗುತ್ತಿತ್ತು.

ಭಾನುವಾರ

ಡ್ರಮ್ ಹಾಕಿ, ಹಿಂಬದಿಯ ತಗಡಿನ ರಬ್ಬರ್ ಮುಚ್ಚಳ ತೆಗೆದು, ಕಿಂಡಿಯಿಂದ ಹಲ್ಲುಚಕ್ರವನ್ನು ಚಕ್ರ ಕೈಗೆ ತಿರುಗದಷ್ಟು ಬಿಗಿ ಮಾಡಿದೆ. ಪೆಡಲ್ ಒತ್ತಿ ಶೂಗಳನ್ನು ನಡುವಿಗೆ ತಂದು, ಮತ್ತೆ ನೋಡಿದೆ. ಆಮೇಲೆ ತೆಳ್ಳಗಿನ ಸ್ಕ್ರೂ ಡ್ರೈವರ್‌ನಿಂದ ಪಟ್ಟಿಯನ್ನು ಆಚೆ ಸರಿಸಿ ಹಿಡಿದು, ಹಲ್ಲುಚಕ್ರವನ್ನು ಹಿಂದಕ್ಕೆ ತಿರುಗಿಸಿದೆ. ಲೈನಿಂಗ್ ಹಗುರವಾಗಿ ಸವರುವ ಸದ್ದು ಕೇಳುತ್ತಿರಬೇಕು, ಕೈಗೆ ತಡೆ ಸಿಗಬಾರದು. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಘಟ್ಟ ಇದು: ಕಿವಿಗೇ ಅಳತೆ ತಿಳಿಯುತ್ತದೆ. ಎರಡೂ ಕಡೆ ಒಂದೇ ಸದ್ದು ಬರುವವರೆಗೆ ಅತ್ತಿಂದಿತ್ತ ಓಡಾಡಿದೆ.

ಕೇಬಲ್ ಇನ್ನೂ ಮುಟ್ಟಿಲ್ಲ. ಲಿವರ್ ಎಳೆದೆ: 8ನೇ ಹಲ್ಲಿಗೇ ಬಿಗಿ. ಸಡಿಲದ ಬಹುಪಾಲು ಶೂಗಳಲ್ಲೇ ಇತ್ತು.

ಉಳಿದದ್ದಕ್ಕೆ ಮಾತ್ರ ನಟ್. ಲಾಕ್ ನಟ್ ಬಿಡಿಸಿ, ಕೇಬಲ್ ತಿರುಚಿಕೊಳ್ಳದಂತೆ ಸರಳನ್ನು ಇಕ್ಕಳದಿಂದ ಹಿಡಿದು, ಸ್ವಲ್ಪವೇ ಬಿಗಿ ಮಾಡಿದಾಗ ಲಿವರ್ 7ಕ್ಕೆ ಬಂತು. ಆದರೆ ಲಿವರ್ ಇಳಿಸಿದ ಮೇಲೂ ಬಲ ಚಕ್ರ ತಡೆಯುತ್ತಿತ್ತು. ಕೇಬಲ್ ಕೈಯಿಂದ ತಳ್ಳಿದರಷ್ಟೇ ಹಿಂದೆ ಸರಿಯುತ್ತಿತ್ತು. ಹೊರಕವಚದ ಒಂದು ಬಾಗಿನಲ್ಲಿ ಪ್ಲಾಸ್ಟಿಕ್ ಒಡೆದು ನೀರು ಇಳಿದಿದೆ. ಎಣ್ಣೆ ಬಿಟ್ಟು ಕೆಲವು ದಿನ ನಡೆಸಬಹುದು, ಆದರೆ ಹಿಡಿದ ಬ್ರೇಕ್ ಬಿಡದ ಕೇಬಲ್ ಡ್ರಮ್ ಅನ್ನು ಸುಡುತ್ತದೆ. ಬದಲಿಸುವವರೆಗೆ ಬಲಗಡೆಯ ಕೊಂಡಿ ಬಿಚ್ಚಿಟ್ಟು, ಗಾಡಿಯನ್ನು ನಿಂತಲ್ಲೇ ಬೆಣೆಗಳ ನಡುವೆ ಬಿಟ್ಟೆ.

ಮುಂದಿನ ವಾರಾಂತ್ಯ

ಹೊಸ ಬಲ ಕೇಬಲ್ ಹಾಕಿ, ಹಳೆಯದು ಹಾದಿದ್ದ ಕ್ಲಿಪ್‌ಗಳಲ್ಲೇ ಹಾಯಿಸಿದೆ. ಲೀಫ್ ಸ್ಪ್ರಿಂಗ್‌ಗೂ ಸೈಲೆನ್ಸರ್ ಕೊಳವೆಗೂ ತಾಗುತ್ತಿಲ್ಲ. ಹೊಸ ಕೇಬಲ್ ಮೊದಲಿಗೆ ಸ್ವಲ್ಪ ಕೂರುತ್ತದೆ, ಆದ್ದರಿಂದ ಲಿವರ್ ಅನ್ನು ಬಲವಾಗಿ ಹಲವು ಸಲ ಎಳೆದು ಬಿಟ್ಟ ಮೇಲೆಯೇ ನಟ್ ಅಂತಿಮಗೊಳಿಸಿ ಲಾಕ್ ನಟ್ ಬಿಗಿದೆ. ಈಗ 7ನೇ ಹಲ್ಲು, ಈಕ್ವಲೈಸರ್ ನೇರ, ಲಿವರ್ ಇಳಿಸಿದರೆ ಎರಡೂ ಚಕ್ರ ಮುಕ್ತ.

ಚಕ್ರದ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಬಿಗಿದು ಒಂದಷ್ಟು ದೂರ ಓಡಿಸಿ ಬಂದೆ. ಡ್ರಮ್‌ಗಳ ಹತ್ತಿರ ಕೈ ಒಡ್ಡಿದರೆ ಎರಡೂ ಕಡೆ ಒಂದೇ ಬೆಚ್ಚಗೆ. ಭಾರ ಹೇರಿ, ನ್ಯೂಟ್ರಲ್‌ನಲ್ಲಿ, ಕಾಲು ಪೆಡಲ್ ಮೇಲೆಯೇ ಸಿದ್ಧವಾಗಿಟ್ಟುಕೊಂಡು ಇಳಿಜಾರಿನಲ್ಲಿ ಪರೀಕ್ಷಿಸಿದೆ. ಮೂತಿ ಮೇಲಿದ್ದಾಗಲೂ ನಿಂತಿತು, ಕೆಳಗಿದ್ದಾಗಲೂ ನಿಂತಿತು. ಎಡ ಕೇಬಲ್ ಕೂಡ ಬಲದಷ್ಟೇ ಹಳೆಯದು, ಮುಂದಿನ ಸರದಿ ಅದರದ್ದು.