"ಅವರನ್ನೆಲ್ಲಾ ಸಂಭಾಳಿಸೋದು ಕಷ್ಟ ಅಲ್ವಾ?" ಅಂತ ಕೇಳೋರಿಗೆ

ವರ್ಷಕ್ಕೊಂದ್ಸಲ ಕುಶಾಲನಗರದ ಹತ್ರ ಒಂದು ತೋಟದಲ್ಲಿ ಐದು ದಿನದ ಕ್ಯಾಂಪಿಗೆ ವಾಲಂಟಿಯರ್ ಆಗಿ ಹೋಗ್ತೀನಿ, ವಿಕಲಚೇತನರ ಕ್ಯಾಂಪು, ಮಕ್ಕಳದ್ದಲ್ಲ, ಬರೋರೆಲ್ಲಾ ದೊಡ್ಡೋರು, ಕೆಲವರಿಗೆ ಐವತ್ತು ದಾಟಿದೆ. ಮಳೆ ಬಿಟ್ಟ ಮೇಲೆ, ಕಾಫಿ ಕುಯ್ಯೋಕೆ ಶುರುವಾಗೋ ಮುಂಚೆ ಇಟ್ಕೋತೀವಿ, ಯಾಕಂದ್ರೆ ಆವಾಗ ಕಣ ಖಾಲಿ ಇರುತ್ತೆ, ಇಡೀ ತೋಟದಲ್ಲಿ ವೀಲ್‌ಚೇರ್ ಸಲೀಸಾಗಿ ಉರುಳೋ ಜಾಗ ಅದೊಂದೇ. ಇದನ್ನ ಹೇಳಿದ್ರೆ ಸಾಕು, ಮದುವೆ ಮನೇಲಿ, ಬಸ್ಸಲ್ಲಿ, ಕಟಿಂಗ್ ಶಾಪಲ್ಲೂ ಅದೇ ಪ್ರಶ್ನೆ: "ಅಯ್ಯೋ, ಅವರನ್ನೆಲ್ಲಾ ಸಂಭಾಳಿಸೋದು ಕಷ್ಟ ಅಲ್ವಾ?"

ನನ್ನ ಅನುಭವದಲ್ಲಿ ಜಾಸ್ತಿ ಕಷ್ಟ ಕೊಡೋರು ವಾಲಂಟಿಯರ್‌ಗಳು. ಮೊದಲನೇ ವರ್ಷ ನಾನೇ ಕೊಟ್ಟಿದ್ದೀನಿ.

ಆ ವರ್ಷ ದುಬಾರೆಗೆ ಹೋಗಿದ್ವಿ. ಆನೆ ಕ್ಯಾಂಪ್ ಇರೋದು ಕಾವೇರಿಯ ಆಚೆ ದಡದಲ್ಲಿ, ದೋಣೀಲಿ ದಾಟ್ಬೇಕು. ವೀಲ್‌ಚೇರ್‌ನಲ್ಲಿದ್ದ ನಾಲ್ಕು ಜನರನ್ನ ಈಚೆ ದಡದಲ್ಲೇ ನೆರಳಲ್ಲಿ ನಿಲ್ಲಿಸಿ, ಬಿಸ್ಕೆಟ್ ಪ್ಯಾಕೆಟ್ ಕೊಟ್ಟು, ಒಬ್ಬ ಹುಡುಗನನ್ನ ಕಾವಲಿಗೆ ಬಿಟ್ಟು ನಾವು ಹೋದ್ವಿ. ರಿಸ್ಕ್ ಬೇಡ ಅಂತ ನಾವ್ ನಾವೇ ಮಾತಾಡ್ಕೊಂಡಿದ್ದು, ಅವರನ್ನ ಒಂದು ಮಾತು ಕೇಳ್ಲಿಲ್ಲ. ದೋಣಿಯವರೇ "ಅವರು ಬರಲ್ವಾ?" ಅಂದ್ರು, "ಇಲ್ಲ, ಅವರಿಗೆ ಕಷ್ಟ" ಅಂದವನು ನಾನು.

ರಾತ್ರಿ ಬೆಂಕಿ ಸುತ್ತ ಕೂತಿದ್ದಾಗ, ನನ್ನ ಕೈಲಿ ಆನೆ ಫೋಟೋಗಳು, ಸೋಮವಾರಪೇಟೆ ಕಡೆಯ ಅಕ್ಕ ಒಬ್ರಿಗೆ ತೋರಿಸೋಕೆ ಹೋದೆ. ಸೆರೆಬ್ರಲ್ ಪಾಲ್ಸಿ ಅವರಿಗೆ, ಅಂದ್ರೆ ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗಲ್ಲ, ಮಾತು ನಿಧಾನ. ಫೋಟೋ ಕಡೆ ತಿರುಗಿಯೂ ನೋಡ್ದೆ "ಆನೆ ನಮ್ಮ ತೋಟಕ್ಕೇ ಬರುತ್ತೆ, ಹಲಸಿನ ಹಣ್ಣಿಗೆ. ನಾನು ದೋಣಿ ಹತ್ತೋಕೆ ಅಂತ ಬಂದಿದ್ದೆ" ಅಂದ್ರು. ಸೌದೆ ತರೋ ನೆಪದಲ್ಲಿ ನಾನು ಎದ್ದೋದೆ.

ಅದೇ ವರ್ಷದ ಇನ್ನೊಂದು. ರಾತ್ರಿ ಎಂಟೂವರೆಗೆ ಲೈಟ್ ಆಫ್. ನಲವತ್ತೈದು ವರ್ಷದವರಿಗೆ "ಗುಡ್ ನೈಟ್ ಪುಟ್ಟಾ" ಅಂತ ಹೇಳಿ ಮಲಗಿಸಿ, ನಾವು ಹಿಂದೆ ಹೋಗಿ ಗ್ಲಾಸ್ ಹಿಡ್ಕೊಂಡು ಕೂರ್ತಿದ್ವಿ. ಅವರಲ್ಲೊಬ್ರು ಅಣ್ಣ ಒಂದ್ ಪೆಗ್ ಸಿಗುತ್ತಾ ಅಂತ ಕೇಳಿದ್ರೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು, ಏನೋ ಮಗು ಜೋಕ್ ಹೇಳ್ದಂಗೆ. ಕೊಡಗಲ್ಲಿ ಗಂಡಸೊಬ್ಬ ಪೆಗ್ ಕೇಳಿದ್ರೆ ಯಾರಾದ್ರೂ ನಗ್ತಾರಾ ಹೇಳಿ! ಅವರು ಫಿಟ್ಸ್ ಮಾತ್ರೆ ತಗೋತಿದ್ರು, ಅದರ ಜೊತೆ ಕುಡಿಯೋದು ಸರಿಯಿಲ್ಲ, ಅದನ್ನ ಎದುರಿಗೆ ಕೂತು ಹೇಳಿದ್ರೆ ಮುಗೀತಿತ್ತು. ಈಗ ನಿಯಮ ಒಂದೇ, ಕ್ಯಾಂಪಲ್ಲಿ ಯಾರೂ ಕುಡಿಯಂಗಿಲ್ಲ, ವಾಲಂಟಿಯರ್‌ಗಳೂ. ಇದನ್ನ ಕೇಳಿ ಮುಂದಿನ ವರ್ಷ ಇಬ್ರು ಬರ್ಲೇ ಇಲ್ಲ, ಒಳ್ಳೇದೇ ಆಯ್ತು.

ಜನ ಹೆದರೋ ಕೆಲಸ ಇದ್ಯಲ್ಲ, ಎತ್ತೋದು, ತಿನ್ನಿಸೋದು, ಟಾಯ್ಲೆಟ್ಟು, ಅದರ ಬೇಸಿಕ್ಸ್ ಒಂದು ದಿನದ ಟ್ರೈನಿಂಗಲ್ಲಿ ಬರುತ್ತೆ. ಕಡಿದಾದ ಇಳಿಜಾರಲ್ಲಿ ಚೇರನ್ನ ಹಿಮ್ಮುಖವಾಗಿ ಇಳಿಸ್ಬೇಕು. ಫಿಟ್ಸ್ ಬಂದ್ರೆ ಪಕ್ಕಕ್ಕೆ ಮಲಗಿಸಿ ಟೈಮ್ ನೋಡ್ಕೋಬೇಕು, ಐದು ನಿಮಿಷ ದಾಟಿದ್ರೆ ಆಸ್ಪತ್ರೆ, ಬಾಯಿಗೆ ಏನೂ ತುರುಕಬಾರ್ದು, ಕೈಗೆ ಬೀಗದ ಕೈ ಕೊಡೋದ್ರಿಂದ ಏನೂ ಆಗಲ್ಲ. ಎಷ್ಟು ಟ್ರೈನಿಂಗ್ ಕೊಟ್ರೂ ಹೋಗದೇ ಇರೋದು ಕ್ಯಾಂಪಿಗೆ ಬಂದವರ ಎದುರಿಗೇ, ಅವರನ್ನ ಬಿಟ್ಟು ಅವರ ತಮ್ಮನನ್ನ "ಇವರಿಗೆ ಸಕ್ಕರೆ ಹಾಕ್ಬೋದಾ?" ಅಂತ ಕೇಳೋ ಚಾಳಿ.

"ಇಷ್ಟಾದ್ರೂ ಮಾಡ್ತಿದ್ದೀರಲ್ಲ, ಪುಣ್ಯದ ಕೆಲಸ" ಅನ್ನೋರೂ ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೇಲಿ 29ನೇ ಸೆಕ್ಷನ್ ಸಂಸ್ಕೃತಿ, ಮನರಂಜನೆ ಬಗ್ಗೇನೇ ಇದೆ, ಎಲ್ಲರಿಗೆ ಸಮನಾಗಿ ಭಾಗವಹಿಸೋದು ಅವರ ಹಕ್ಕು ಅಂತ. ಅಂದ್ಮೇಲೆ ನನ್ನ ಪುಣ್ಯದ ಲೆಕ್ಕಕ್ಕೆ ಇದನ್ನ ಸೇರಿಸ್ಬೇಡಿ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಟ್ಟಗಳಲ್ಲಿ 1951ರಿಂದ 1977ರವರೆಗೆ ಕ್ಯಾಂಪ್ ಜೆನೆಡ್ ಅಂತ ವಿಕಲಚೇತನರದ್ದೇ ಒಂದು ಕ್ಯಾಂಪಿತ್ತು. ಜೂಡಿ ಹ್ಯೂಮನ್, ಪೋಲಿಯೋ ಆಗಿ ವೀಲ್‌ಚೇರಲ್ಲಿದ್ದೋರು, ಚಿಕ್ಕವಯಸ್ಸಲ್ಲಿ ಅಲ್ಲಿಗೆ ಕ್ಯಾಂಪಿಗೆ ಹೋಗ್ತಿದ್ರು, ಆಮೇಲೆ ಅಲ್ಲೇ ಕೌನ್ಸೆಲರ್ ಆದ್ರು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದಲ್ಲಿ ವಿಕಲಚೇತನರು ತಮ್ಮ ಹಕ್ಕಿನ ಕಾನೂನು ಜಾರಿ ಮಾಡಿ ಅಂತ ಮೂರು ವಾರಕ್ಕೂ ಜಾಸ್ತಿ ಧರಣಿ ಕೂತ್ರು, ಅದರ ಮುಂದಾಳುಗಳಲ್ಲಿ ಇವರೂ ಒಬ್ರು, ಜೆನೆಡ್‌ನ ಹಳೇ ಗೆಳೆಯರೂ ಜೊತೆಗಿದ್ರು. ನಾವಾಗಿದ್ರೆ ಅವರನ್ನೂ ಎಂಟೂವರೆಗೆ ಮಲಗಿಸಿರ್ತಿದ್ವಿ.

ಸೋಮವಾರಪೇಟೆ ಅಕ್ಕ ಮಾರನೇ ವರ್ಷವೂ ಬಂದ್ರು. ಬೆಳಿಗ್ಗೆ ರಶ್ ಶುರುವಾಗೋ ಮುಂಚೆ ಹೋಗಿ, ಅವರೇ ಹೇಳಿಕೊಟ್ಟ ಹಾಗೆ ಇಬ್ರು ಎತ್ತಿ ದೋಣೀಲಿ ಕೂರಿಸಿದ್ವಿ, ಲೈಫ್ ಜಾಕೆಟ್ ಹಾಕಿ. ಆಚೆ ದಡ ಬಂದಾಗ ಇಳಿಯಲ್ಲ ಅಂದ್ರು, ಹಾಗೇ ವಾಪಸ್ ಬಂದ್ವಿ. ಈಗ ಕ್ಯಾಂಪಿನ ಟೈಮ್‌ಟೇಬಲ್ ಮಾಡೋ ನಾಲ್ಕು ಜನರಲ್ಲಿ ಅವರೂ ಒಬ್ರು, ಮೊದ್ಲು ತೆಗೆದುಹಾಕಿದ್ದೇ ಡ್ರಾಯಿಂಗ್ ಕಾಂಪಿಟೇಷನ್.

ಈ ಸಲ ಬರೋದಾದ್ರೆ ಬನ್ನಿ. ಕಲರಿಂಗ್ ಬುಕ್ ತರ್ಬೇಡಿ. ಇಸ್ಪೀಟೆಲೆ ಹರಿದೋಗಿದೆ, ಎರಡು ಪ್ಯಾಕ್ ತನ್ನಿ.